ಬೆನ್ನಿಬಾಯಿಯ ನಾಲ್ಕು ಗುಂಡಿಗಳು

ಬೆನ್ನಿಬಾಯಿಯ ಮೇಲೆ ನನಗೆ ಸಿಟ್ಟು ಬಂದದ್ದು ಬಸಮ್ಮನ ನಾಯಿ ಸತ್ತ ಮಾರನೆಯ ದಿನ. ನಾಯಿ ಸತ್ತು ಬಿದ್ದಿದ್ದು ನನ್ನ ಮಗಳು ದಿನಾ ನಡೆದು ಬರುವ ದಾರಿಯಲ್ಲಿ. ಯಾಕೆ ಸತ್ತಿತು ಎಂದರೆ ಎಲ್ಲರೂ ಹಾವು ಎಂದರು. ಹಾವು ಎಂದ ಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು? ಅಂಥ ಹೊತ್ತಿನಲ್ಲಿ ಈ ಹೆಂಗಸು, ಐವತ್ತು ದಾಟಿದವರು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಪ್ಪು ಲೈನಿಂಗ್ ಬಟ್ಟೆ ಹರಡಿ, ಅದರ ಮೇಲೆ ಶರಟಿನ ಗುಂಡಿ, ಕೋಟಿನ ಗುಂಡಿ ಎಂದು ನಾಲ್ಕನ್ನು ಇಟ್ಟುಕೊಂಡು, ಎರಡು ದಾಳ ಉರುಳಿಸುತ್ತ, "ನಾಯಿ ಸತ್ತದ್ದು ಹೇಗೆ?" ಎಂದು ಗಟ್ಟಿಯಾಗಿ ಕೇಳುತ್ತಿದ್ದರು. ಎದುರಿನ ಸ್ಟೂಲಿನ ಮೇಲೆ ನನ್ನ ಏಳು ವರ್ಷದ ನವ್ಯಶ್ರೀ ಬಾಯಿ ತೆರೆದುಕೊಂಡು ಕೂತಿದ್ದಳು.

"ಏನ್ರೀ ಇದು?" ಎಂದೆ.

"ಆಟ," ಎಂದರು ಬೆನ್ನಿಬಾಯಿ, ತಲೆ ಎತ್ತದೆ.

"ಮಗುವಿನ ಎದುರಿಗೆ ಸಾವಿನ ಆಟವಾ? ನಿನ್ನೆಯಿಂದ ಇವಳು ಊಟ ಸರಿಯಾಗಿ ಮಾಡಿಲ್ಲ. ನೀವು ಇವಳ ತಲೆಗೆ ಇನ್ನಷ್ಟು ತುಂಬಿಸ್ತಾ ಇದೀರಲ್ಲ!"

"ನಾನು ಯಾರ ತಲೆಗೂ ತುಂಬಿಸ್ತಾ ಇಲ್ಲ ಮಾರಾಯ್ತಿ. ಇದು ಒಬ್ಬಳೇ ಆಡೋ ಆಟ. ನಿನ್ನ ಮಗಳು ಬಂದು ಕೂತ್ಕೊಂಡರೆ ನಾನೇನು ಮಾಡಲಿ? ಹೊಡೆದು ಓಡಿಸಲಾ?"

ನವ್ಯಳ ಕೈ ಹಿಡಿದು ಎಳೆದುಕೊಂಡು ಹೊರಟೆ. ಅವಳು ದಾರಿಯುದ್ದಕ್ಕೂ ಅತ್ತಳು. ನಾಯಿಗಾಗಿ ಅಲ್ಲ, ಮುತ್ತಿನ ಗುಂಡಿಗೆ ಉತ್ತರ ಸಿಗುವ ಮೊದಲೇ ಎಬ್ಬಿಸಿಬಿಟ್ಟೆ ಎಂದು.

ಬೆನೆಡಿಕ್ಟಾ ಎಂಬ ಪೂರ್ತಿ ಹೆಸರಿನಿಂದ ಅವರನ್ನು ಕರೆಯುವುದು ಚರ್ಚಿನ ಪಾದ್ರಿ ಒಬ್ಬರೇ. ಉಳಿದವರಿಗೆಲ್ಲ ಬೆನ್ನಿಬಾಯಿ. ಆನೇಮಹಲ್‌ನಲ್ಲಿ ಹೆದ್ದಾರಿಯ ಬದಿಗೆ, ಲಾರಿಗಳ ಧೂಳು ನೇರವಾಗಿ ಒಳಗೆ ಬರುವ ಒಂದು ಕೋಣೆಯಲ್ಲಿ ಅವರ ಟೈಲರಿಂಗ್ ಅಂಗಡಿ. ಶಾಲೆಯ ವ್ಯಾನು ಮಕ್ಕಳನ್ನು ಇಳಿಸುವುದು ಅದರ ಮುಂದೆಯೇ. ಅಲ್ಲಿಂದ ಒಳಗೆ ಶಾಂತಮಲ್ಲಪ್ಪನವರ ಕಾಫಿ ಎಸ್ಟೇಟಿನ ಬೇಲಿ ಹಿಡಿದು ನಡೆದರೆ ಮೊದಲು ಕೆಲಸದವರ ಲೈನು ಮನೆಗಳು, ಆಮೇಲೆ ನಮ್ಮ ಕ್ವಾರ್ಟರ್ಸ್. ನನ್ನ ಗಂಡ ಲೋಹಿತ್ ಆ ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಗೊಬ್ಬರ, ಗಿಡಕ್ಕೆ ನೀರು ಬಿಡುವುದು ಎಲ್ಲ ಅವನದೇ ಉಸ್ತುವಾರಿ. ನಾನು ಮೈಸೂರಿನಲ್ಲಿ ಓದಿ ಬೆಳೆದವಳು. ಇಲ್ಲಿಗೆ ಬಂದಾಗಿನಿಂದ ಚಿರತೆ, ಆನೆ, ಜಿಗಣೆ, ಹೆದ್ದಾರಿ, ಹಾವು, ಯಾವುದಕ್ಕೆ ಮೊದಲು ಹೆದರಬೇಕು ಎಂದೇ ತಿಳಿಯದೆ ಎಲ್ಲಕ್ಕೂ ಒಟ್ಟಿಗೆ ಹೆದರುತ್ತ ಬಂದಿದ್ದೇನೆ. ಹಾಗಾಗಿ ದಿನಾ ಮಗಳನ್ನು ಕರೆತರಲು ನಾನೇ ಹೋಗುತ್ತೇನೆ. ನಾನು ಹೋಗುವುದು ಐದು ನಿಮಿಷ ತಡವಾದರೆ ಅವಳು ಬೆನ್ನಿಬಾಯಿಯ ಸ್ಟೂಲಿನ ಮೇಲಿರುತ್ತಾಳೆ.

ಆ ಆಟವನ್ನು ಕ್ರಿಸ್‌ಮಸ್‌ಗೆ ತಂದುಕೊಟ್ಟದ್ದು ಮಂಗಳೂರಿನಲ್ಲಿರುವ ಅವರ ಅಣ್ಣನ ಮಗ ಜೋ. ಒಂದು ಪುಟ್ಟ ಡಬ್ಬಿ, ಅದರಲ್ಲಿ ಇಂಗ್ಲಿಷಿನ ತೆಳ್ಳನೆಯ ಪುಸ್ತಕ, ಒಂದು ಕಟ್ಟು ಪ್ರಶ್ನೆಯ ಚೀಟಿಗಳು, ಎರಡು ದಾಳ. ಒಂದು ಊರಿನಲ್ಲಿ ನಾಲ್ಕು ಮಕ್ಕಳು. ಊರಿನಲ್ಲಿ ಏನೋ ಆಗುತ್ತದೆ, ಯಾಕೆ ಆಯಿತು ಎಂದು ಮಕ್ಕಳು ಹುಡುಕಬೇಕು. ಎದುರಾಳಿ ಇಲ್ಲ, ಜೊತೆಗಾರರಿಲ್ಲ. ಒಬ್ಬರೇ ಕೂತು ಊರು ಕಟ್ಟಬೇಕು, ಒಬ್ಬರೇ ನಾಲ್ಕೂ ಮಕ್ಕಳಾಗಬೇಕು. ಪ್ರಶ್ನೆಗೆ ಹೌದೋ ಅಲ್ಲವೋ ಎನ್ನುವುದು ದಾಳ. ಡಬ್ಬಿಯಲ್ಲಿದ್ದ ಊರು ಯಾವುದೋ ಹಿಮ ಬೀಳುವ ಊರಂತೆ. ಅದನ್ನು ಬೆನ್ನಿಬಾಯಿ ಮೊದಲ ದಿನವೇ ಬಿಟ್ಟುಹಾಕಿದರು. ಕಪ್ಪು ಬಟ್ಟೆಯ ಮೇಲೆ ಟೈಲರ್ ಚಾಕಿನಿಂದ ಹೆದ್ದಾರಿ ಎಳೆದರು, ರೈಲು ಹಳಿ ಎಳೆದರು, ತೋಟದ ಬೇಲಿ, ಲೈನು, ಶಾಂತಮಲ್ಲಪ್ಪನವರ ದೊಡ್ಡ ಮನೆ ಎಲ್ಲ ಎಳೆದರು. ಮಕ್ಕಳಿಗೆ ಗುಂಡಿ. ಕರಿ ಕೋಟಿನ ಗುಂಡಿ ಧೈರ್ಯವಂತ, ಹಿತ್ತಾಳೆ ಗುಂಡಿ ಬಡಾಯಿಕೋರ, ಬಿಳಿ ಶರಟಿನ ಗುಂಡಿ ಪುಕ್ಕಲ. ಅಂಚು ಮುರಿದ ಮುತ್ತಿನ ಗುಂಡಿ ಹುಡುಗಿ. ಅವಳ ಕೆಲಸ ಕೇಳುವುದು. ದೊಡ್ಡವರಿಗೆಲ್ಲ ಸೇರಿ ಒಂದೇ ಒಂದು ಬೆರಳಟೋಪಿ, ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವುದು.

"ದೊಡ್ಡವರೆಲ್ಲ ಒಂದೇ ಯಾಕೆ?" ಎಂದು ನವ್ಯ ಹಿಂದೊಮ್ಮೆ ಕೇಳಿದ್ದಳು.

"ಯಾಕೆಂದರೆ ಎಲ್ಲರದೂ ಒಂದೇ ಉತ್ತರ," ಎಂದಿದ್ದರು ಬೆನ್ನಿಬಾಯಿ. ಆಟದ ನಿಯಮವೇ ಅದು: ಮಕ್ಕಳು ದೊಡ್ಡವರನ್ನು ಏನೇ ಕೇಳಲಿ, ಮೊದಲ ಉತ್ತರ ಯಾವಾಗಲೂ 'ಮನೆಗೆ ಹೋಗಿ'. ಅದಕ್ಕೆ ದಾಳ ಕೂಡ ಉರುಳಿಸಬೇಕಾಗಿಲ್ಲ. ಎರಡನೆಯ ಸಲ ಕೇಳುವ ಧೈರ್ಯ ಮಾಡಿದರೆ ಮಾತ್ರ ದಾಳಕ್ಕೆ ಕೆಲಸ.

ಅವರು ಈ ಆಟಕ್ಕೆ ಹಾಗೆ ಅಂಟಿಕೊಂಡದ್ದು ಯಾಕೆ ಎಂದು ನನಗೆ ಆಮೇಲೆ ತಿಳಿಯಿತು. ಅವರ ಅಪ್ಪ ಪಕ್ಕದ ಇನ್ನೊಂದು ಎಸ್ಟೇಟಿನಲ್ಲಿ ಜೀಪಿನ ಡ್ರೈವರು. ಅವರು ಚಿಕ್ಕವರಿದ್ದಾಗ ಅಲ್ಲಿನ ಲೈನಿನಲ್ಲಿ ಚೆಲುವಿ ಎಂಬ ಹುಡುಗಿ ಅವರಿಗೆ ಜೀವದ ಗೆಳತಿ. ಒಂದು ಬೆಳಿಗ್ಗೆ ಆಡಲು ಹೋದರೆ ಚೆಲುವಿಯ ಮನೆಗೆ ಬೀಗ. ಅಪ್ಪ, ಅಮ್ಮ, ಮಕ್ಕಳು, ಕೋಳಿ ಸಮೇತ ಎಲ್ಲರೂ ಇಲ್ಲ. ಒಲೆಯ ಬೂದಿ ಮಾತ್ರ ಹೊರಗೆ ಚೆಲ್ಲಿತ್ತು. ಯಾಕೆ ಹೋದರು, ಕಳಿಸಿದವರು ಯಾರು ಎಂದು ಹುಡುಗಿ ಬೆನ್ನಿ ಆ ಎಸ್ಟೇಟಿನ ರೈಟರನ್ನು ಕೇಳಿದಳು, ಅಪ್ಪನನ್ನು ಕೇಳಿದಳು, ಸ್ಟೋರಿನವನನ್ನು ಕೇಳಿದಳು. ಎಲ್ಲರೂ ಮನೆಗೆ ಹೋಗು ಎಂದರು. ಹೋದಳು. ದೊಡ್ಡವಳಾದಳು, ಹೊಲಿಗೆ ಕಲಿತಳು, ಮದುವೆ ಬೇಡ ಎಂದಳು, ಅಪ್ಪ ಅಮ್ಮನನ್ನು ಮಣ್ಣು ಮಾಡಿದಳು. ಉತ್ತರ ಮಾತ್ರ ಇವತ್ತಿಗೂ ಸಿಕ್ಕಿಲ್ಲ. "ಎರಡನೇ ಸಲ ಕೇಳಬಹುದು ಅಂತ ನನಗೆ ಯಾರು ಹೇಳಿದ್ದರು?" ಎನ್ನುತ್ತಿದ್ದರು, ದಾರವನ್ನು ಹಲ್ಲಿನಿಂದ ಕಡಿಯುತ್ತ.

ಹಾಗೆಂದು ಅವರೇನು ಮೃದು ಹೆಂಗಸಲ್ಲ. ಊರಿನ ಅರ್ಧ ಹೆಂಗಸರಿಗೆ ಅವರ ನಾಲಿಗೆ ಕಂಡರೆ ಆಗದು. "ಅಳತೆ ಬ್ಲೌಸ್ ಹೋದ ವರ್ಷದ್ದು ತಂದರೆ ಹೇಗೆ? ನೀನು ಹೋದ ವರ್ಷದವಳಾ?" ಎಂದು ಎಲ್ಲರೆದುರಿಗೆ ಕೇಳಿಬಿಡುವರು. ಆದರೂ ಮದುವೆಯ ಬ್ಲೌಸು ಎಂದರೆ ಬೇರೆ ಯಾರ ಹತ್ತಿರವೂ ಯಾರೂ ಹೋಗುತ್ತಿರಲಿಲ್ಲ. ಶಾಂತಮಲ್ಲಪ್ಪನವರ ಮಗಳ ಮದುವೆ ಹತ್ತಿರ ಬಂದಿತ್ತು. ಮದುಮಗಳದು, ತಾಯಿ ಸರೋಜಮ್ಮನವರದು, ಅತ್ತಿಗೆಯಂದಿರದು, ಎಲ್ಲ ರೇಷ್ಮೆ ಬ್ಲೌಸುಗಳೂ ಬೆನ್ನಿಬಾಯಿಯ ಕಪಾಟಿನಲ್ಲಿದ್ದವು.

ನಾನು ನಾಯಿಯ ವಿಷಯ ಬಿಡಲಿಲ್ಲ. ಆ ದಾರಿಯಲ್ಲಿ ಹಾವಿನ ಹುತ್ತವಿದ್ದರೆ ಅದನ್ನು ತೆಗೆಸಬೇಕು, ಪೊದೆ ಸವರಿಸಬೇಕು. ಲೋಹಿತ್‌ಗೆ ಹೇಳಿದೆ.

"ಹಾವು ಕಣೇ. ತೋಟ ಅಂದ್ಮೇಲೆ ಇರ್ತವೆ. ನೀನು ಅದನ್ನೇ ಹಿಡ್ಕೊಂಡು ತಲೆ ಕೆಡಿಸ್ಕೊಬೇಡ."

"ಯಾವ ಹಾವು? ಯಾರು ನೋಡಿದ್ರು?"

"ಅಯ್ಯೋ, ಹಾವು ಹೆಸರು ಬರೆದಿಟ್ಟು ಹೋಗ್ತದಾ? ಕಾಫಿ ಹೂವಿನ ಟೈಮು, ನಂಗೆ ಸಾವಿರ ಕೆಲಸ ಐತೆ."

ಮೇಸ್ತ್ರಿ ಭೂತಯ್ಯನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, ಲೋಹಿತ್‌ ಹೋದ ದಿಕ್ಕು ನೋಡಿ, "ಹಾವೇ ಇರ್ಬೇಕು ರೈಟ್ರಮ್ಮ. ನೀವು ಮನೀಗ್ ಹೋಗಿ, ಬಿಸ್ಲು," ಎಂದ. ನಾಯಿಯ ಒಡತಿ ಬಸಮ್ಮ ಮಾತ್ರ ಲೈನಿನ ಬಾಗಿಲಲ್ಲಿ ಕೂತು, "ಹಾವು ಅಂತಾರೆ ಕಣವ್ವ. ಕಚ್ಚಿದ್ ಗುರ್ತಿಗೆ ನಾನೂ ಮೈಯೆಲ್ಲಾ ತಡಕ್ದೆ. ಸಿಗ್ಲಿಲ್ಲ. ನನ್ ಕರಿಯ ಹಾವ್ ಕಂಡ್ರೆ ಊರೆಲ್ಲಾ ಕೇಳಂಗೆ ಬೊಗಳ್ತಿದ್ದ. ಒಂದ್ ಸದ್ದಿಲ್ದೆ ಹೋಗ್ಬುಟ್ಟ," ಎಂದಳು. ಆಮೇಲೆ ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಇದಾಗಿ ಎರಡು ದಿನಕ್ಕೆ ಮತ್ತೆ ಅಂಗಡಿಗೆ ಹೋದೆ. ನವ್ಯ ಸ್ಟೂಲಿನ ಮೇಲಿದ್ದಳು. ಎಬ್ಬಿಸಲು ಹೋದವಳು ಎಬ್ಬಿಸಲಿಲ್ಲ. ನಿಜ ಹೇಳಬೇಕೆಂದರೆ, ನಾಯಿ ಹೇಗೆ ಸತ್ತಿತು ಎಂದು ಕೇಳುತ್ತಿದ್ದವರು ಇಡೀ ಊರಿನಲ್ಲಿ ನಾನು, ಆ ನಾಲ್ಕು ಗುಂಡಿ, ಇಷ್ಟೇ.

"ಕೂತ್ಕೊಳ್ಳೋದಾದರೆ ಕೂತ್ಕೋ. ಬಾಯಿ ಮುಚ್ಚಿಕೊಂಡು," ಎಂದರು ಬೆನ್ನಿಬಾಯಿ. ಕಟ್ಟಿನಿಂದ ಒಂದು ಚೀಟಿ ಎಳೆದು, ಕನ್ನಡಕ ಮೂಗಿಗಿಳಿಸಿ, ನಿಧಾನವಾಗಿ ಕನ್ನಡ ಮಾಡಿ ಓದಿದರು: "ಆ ಜಾಗದಲ್ಲಿ, ಆ ದಿನಕ್ಕೆ ಹೊಂದದೇ ಇರುವುದು ಒಂದಿದೆ. ಅದು ಯಾವುದು?" ದಾಳ ಉರುಳಿಸಿದರು. ಪುಸ್ತಕ ನೋಡಿದರು. "ಮಕ್ಕಳಲ್ಲಿ ಒಬ್ಬರು ನೋಡಿದ್ದಾರೆ. ದೊಡ್ಡವರು ನೋಡಿಲ್ಲ." ಮುತ್ತಿನ ಗುಂಡಿಯನ್ನು ಚಾಕಿನ ಬೇಲಿಯ ಪಕ್ಕಕ್ಕೆ ಸರಿಸಿ ಯೋಚಿಸುತ್ತ ಕೂತರು.

"ನಾನು ನೋಡಿದೀನಿ," ಎಂದಳು ನವ್ಯ.

"ನೀನು ಆಟದಲ್ಲಿಲ್ಲ. ಸುಮ್ಮನಿರು."

"ಕರಿಯನ ಬೆನ್ನು ಒದ್ದೆ ಇತ್ತು."

ಬೆನ್ನಿಬಾಯಿಯ ಕೈ ನಿಂತಿತು. ಅವತ್ತು ನಾನು ಓಡಿಹೋಗಿ ಎಳೆದುಕೊಳ್ಳುವ ಮೊದಲು ಅವಳು ನಾಯಿಯ ಬೆನ್ನು ಸವರಿದ್ದು ನಿಜ. ಆದರೆ ಇದು ಮಾರ್ಚಿ. ತಿಂಗಳಿಂದ ಒಂದು ಹನಿ ಮಳೆ ಬಿದ್ದಿಲ್ಲ, ದಾರಿಯ ಮಣ್ಣು ಹಿಟ್ಟಿನ ಹಾಗೆ ಹಾರುತ್ತಿತ್ತು.

"ರಕ್ತವಾ?" ಎಂದೆ.

"ಅಲ್ಲಮ್ಮ, ನೀರು. ತಣ್ಣಗಿತ್ತು. ಬೇಲಿ ಹತ್ರ ನೆಲಾನೂ ಒದ್ದೆ ಇತ್ತು."

ಬೆನ್ನಿಬಾಯಿ ದಾಳ ಹಿಡಿದುಕೊಂಡು, "ತೋಟದಲ್ಲಿ ನೀರು ಹಾರಿಸುವ ಜೆಟ್ಟು ತಿರುಗ್ತಾ ಇತ್ತಾ?" ಎಂದು ಗುಂಡಿಗಳನ್ನು ಕೇಳಿದರು. ಉರುಳಿಸುವ ಮೊದಲೇ ನಾನು, "ಇಲ್ಲ, ಜೆಟ್ಟು ಬಿಡುವುದು ರಾತ್ರಿ," ಎಂದೆ. ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡೆ. ಕಾಫಿ ಹೂವು ಬಿಡಲು ನೀರು ಹಾರಿಸುವ ಪಂಪಿಗೆ ತ್ರೀಫೇಸ್ ಕರೆಂಟು ಬೇಕು. ಅದು ನಮ್ಮ ಕಡೆ ವರ್ಷದ ಮೊದಲಿನಿಂದ ರಾತ್ರಿ ಮಾತ್ರ ಬರುತ್ತಿತ್ತು. ಜೆಟ್ಟುಗಳ ಜಾಗ ಬದಲಿಸಲು ಲೋಹಿತ್ ರಾತ್ರಿಯೆಲ್ಲ ತೋಟದಲ್ಲೇ ಇರುತ್ತಿದ್ದ. ಆದರೆ ಆ ವಾರದಿಂದ ಅವನು ಮನೆಯಲ್ಲೇ ಮಲಗುತ್ತಿದ್ದಾನೆ. "ಪಾಳಿ ಬದಲಾಯ್ತು, ಈಗ ಹಗಲು ಕರೆಂಟು," ಎಂದಿದ್ದ. ಇನ್ನು ರಾತ್ರಿ ಒಬ್ಬಳೇ ಇರಬೇಕಾಗಿಲ್ಲ ಎಂದು ನಾನು ಖುಷಿಯಿಂದ ಅವತ್ತು ಕಾಯಿ ಹೋಳಿಗೆ ಮಾಡಿದ್ದೆ.

ಅದನ್ನು ಹೇಳಿದೆ. ಬೆನ್ನಿಬಾಯಿ ಕಪ್ಪು ಬಟ್ಟೆಯ ಮೇಲೆ ಪಂಪಿನ ಮನೆಗೆ ಒಂದು ಚೌಕ ಎಳೆದರು. "ಸರಿ. ಹಗಲು ನೀರು ಹಾರಿತು. ನಾಯಿ ನೆನೆಯಿತು. ನೀರು ಯಾರನ್ನೂ ಕೊಲ್ಲಲ್ಲ. ನೀರಿನ ಜೊತೆಗೆ ಎಚ್ಚರ ಆಗೋದು ಇನ್ನೇನಾದರೂ ಇದೆಯಾ?" ದಾಳ ಉರುಳಿತು. ಹೌದು ಎಂದಿತು.

"ಬೇಲಿ ಗುಂಯ್ ಅನ್ನುತ್ತೆ," ಎಂದಳು ನವ್ಯ. "ಜೆಟ್ಟು ಚಕ್ ಚಕ್ ಅಂದಾಗ. ಜೆಟ್ಟು ನಿಂತಾಗ ಅದೂ ಸುಮ್ಮನಾಗುತ್ತೆ."

ಆ ಬೇಲಿ ಸೋಲಾರ್ ಬೇಲಿ ಎಂದು ನನಗೆ ಹೇಳಿದ್ದರು. ಆನೆಗೆ ಒಂದು ಝಟಕಾ ಕೊಟ್ಟು ಓಡಿಸುತ್ತದೆ, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದು. ಸೋಲಾರ್ ಬೇಲಿಯಾದರೆ ಪಂಪಿನ ಜೊತೆ ಎದ್ದು ಪಂಪಿನ ಜೊತೆ ಯಾಕೆ ಮಲಗಬೇಕು? ನನಗೆ ಇನ್ನೊಂದು ಮಾತು ನೆನಪಾಯಿತು. ಜನವರಿಯಲ್ಲಿ ಲೋಹಿತ್ ಹೇಳಿದ್ದು: ಕತ್ತಲಾದ ಮೇಲೆ ಬೇಲಿ ಹತ್ರ ಹೋಗಬೇಡ, ಮಗೂನೂ ಬಿಡಬೇಡ. ಚಿರತೆಗೆ ಹೆದರಿ ಹೇಳುತ್ತಿದ್ದಾನೆ ಎಂದುಕೊಂಡಿದ್ದೆ.

ಅವನಿಗೆ ಗೊತ್ತಿತ್ತು.

ಪೂರ್ತಿ ವಿವರ ತಿಳಿದದ್ದು ಆಮೇಲೆ: ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಿಂದ ಒಂದು ತಂತಿ ಎಳೆದು ಬೇಲಿಗೆ ಕೊಟ್ಟಿದ್ದರು. ಕರೆಂಟು ಬಂದರೆ ಪಂಪು ತಾನಾಗಿ ಓಡುತ್ತದೆ, ಪಂಪು ಓಡಿದರೆ ಬೇಲಿಗೆ ಜೀವ. ರಾತ್ರಿ ಮಾತ್ರ ಕರೆಂಟು, ರಾತ್ರಿ ಮಾತ್ರ ಆನೆ, ರಾತ್ರಿ ಮನುಷ್ಯರು ಓಡಾಡುವುದಿಲ್ಲ. ಅಷ್ಟೇ ಲೆಕ್ಕ. ಪಾಳಿ ಹಗಲಿಗೆ ಬದಲಾದಾಗ ಜೆಟ್ಟು ಬದಲಿಸುವುದು ಎಲ್ಲರಿಗೂ ನೆನಪಿತ್ತು. ತಂತಿ ಬಿಚ್ಚುವುದು ಒಬ್ಬರಿಗೂ ನೆನಪಿರಲಿಲ್ಲ. ವ್ಯಾನಿನಿಂದ ಇಳಿದ ಮಕ್ಕಳು ಆ ದಿನ ನಾಯಿಯನ್ನು ಸುತ್ತುವರಿದು ನಿಂತಾಗ ಬೇಲಿ ಒಂದು ಮೊಳ ದೂರದಲ್ಲಿತ್ತು. ಅಷ್ಟು ಹೊತ್ತಿಗೆ ಕರೆಂಟು ಹೋಗಿತ್ತು ಎಂಬ ಒಂದೇ ಕಾರಣಕ್ಕೆ ನವ್ಯ ಇವತ್ತು ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಾಳೆ.

ಮನೆಗೆ ಅವಳನ್ನು ಎತ್ತಿಕೊಂಡೇ, ಬೇಲಿ ಬಿಟ್ಟು, ಗದ್ದೆಯ ಸುತ್ತು ದಾರಿಯಲ್ಲಿ ಹೋದೆ. ಲೋಹಿತ್ ಅಂಗಳದಲ್ಲಿ ಬೂಟು ಬಿಚ್ಚುತ್ತಿದ್ದ.

"ಬೇಲಿಗೆ ಪಂಪಿನ ಕರೆಂಟು ಕೊಟ್ಟಿದೀರಾ?"

ಅವನು ಬೂಟಿನ ದಾರವನ್ನೇ ನೋಡಿದ. "ಯಾರ್ ಹೇಳಿದ್ರು?"

"ಹೌದೋ ಅಲ್ಲವೋ ಹೇಳು!"

"ಎಲ್ಲಾರೂ ಕೊಡ್ತಾರೆ ಕಣೇ. ಹೋದ್ ವರ್ಷ ಆನೆ ಬಂದು ಹೊಸ ಗಿಡ ಎಲ್ಲಾ ತುಳ್ದು ಹಾಕ್ಬುಡ್ತು, ನೀನೇ ನೋಡಿದ್ಯಲ್ಲ. ಸಾವ್ಕಾರ್ರು ಎಷ್ಟು ಅಂತ ತಡ್ಕೊಂತಾರೆ? ರಾತ್ರಿ ಮಾತ್ರ ಅಂತಾನೇ..."

"ಕರಿಯ ಸತ್ತಿದ್ದು ರಾತ್ರಿನಾ?"

ಅವನು ಇನ್ನೊಂದು ಬೂಟಿಗೆ ಕೈ ಹಾಕಿದ.

"ನಿನಗೆ ಅವತ್ತೇ ಗೊತ್ತಾಯ್ತು. ಅವತ್ತೇ! ಹಾವು ಅಂದೆ. ನಿನ್ನ ಮಗಳು ಆ ದಾರೀಲಿ ನಡೀತಾಳೆ ಲೋಹಿತ್!"

"ಹಗಲು ಬಿಚ್ಚಿ ಇಡಕ್ಕೆ ಭೂತಯ್ಯಂಗೆ ಹೇಳಿದೀನಿ. ಬಿಚ್ಚಿದಾನೆ."

"ದಿನಾ ಬಿಚ್ತಾನಾ? ಕುಡಿದ ದಿನಾನೂ ಬಿಚ್ತಾನಾ?"

"ಮದ್ವೆ ಒಂದ್ ಮುಗೀಲಿ, ಸಾವ್ಕಾರ್ರ ಹತ್ರ ನಾನೇ ಮಾತಾಡ್ತೀನಿ. ಈಗ ಮಾತೆತ್ತಿದ್ರೆ ಕೆಲ್ಸ ಹೋಯ್ತದೆ, ಮನೆ ಹೋಯ್ತದೆ. ಎಲ್ಲಿಗ್ ಹೋಗಾಣ?"

ಅವನು ಕೆಟ್ಟವನಲ್ಲ. ಆ ಹೊತ್ತಿನಲ್ಲಿ ಕೆಟ್ಟವನಾಗಿದ್ದರೆ ಒಳ್ಳೆಯದಿತ್ತು, ಬೈಯಲು ಸುಲಭವಾಗುತ್ತಿತ್ತು ಎನಿಸಿತು. ತಟ್ಟೆ ಎತ್ತಿ ಒಗೆಯಬೇಕೆನಿಸಿತು. ಒಗೆಯಲಿಲ್ಲ, ಬಚ್ಚಲಿಗೆ ಹೋಗಿ ನೀರಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರನೆಯ ಬೆಳಿಗ್ಗೆ ದೊಡ್ಡ ಮನೆಗೇ ಹೋದೆ. ಶಾಂತಮಲ್ಲಪ್ಪನವರು ಜಗಲಿಯಲ್ಲಿ ಮದುವೆಯ ಪತ್ರಿಕೆಗೆ ಅರಿಸಿನ ಹಚ್ಚಿಸುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿದರು. ಒಳ್ಳೆಯ ಹೊತ್ತಿಗೆ ಬಂದ ಕೆಟ್ಟ ಸುದ್ದಿಯನ್ನು ಕೇಳುವ ಹಾಗೆ, ನಗುತ್ತಲೇ ಕೇಳಿದರು.

"ಅದು ಸೋಲಾರ್ ಬೇಲಿ ಕಣಮ್ಮ. ನಿಮಗೆ ಯಾರೋ ತಪ್ಪು ಹೇಳವ್ರೆ. ಲೋಹಿತ್ ಒಳ್ಳೆ ಹುಡ್ಗ, ಅವನ ಕೆಲ್ಸಕ್ಕೆ ನೀವು ಕಲ್ಲು ಹಾಕ್ಬೇಡಿ. ಮನೆಗ್ ಹೋಗಿ. ಕಾಫಿ ಕುಡ್ಕಂಡು ಹೋಗಿ."

ಕಾಫಿ ಕುಡಿಯದೆ ಬಂದೆ. ಕರೆಂಟಿನ ಕಚೇರಿಗೆ ಫೋನು ಮಾಡಿದೆ. ದೂರು ಕೊಡುವವರ ಹೆಸರು, ಗಂಡನ ಹೆಸರು, ಎಸ್ಟೇಟಿನ ಹೆಸರು ಕೇಳಿದವರು, ಅದನ್ನು ನಾನು ಹೇಳಿದ ಮೇಲೆ, "ನೋಡ್ತೀವಿ, ಫೋನ್ ಇಡಿ ಮೇಡಂ," ಎಂದರು. ಯಾರೂ ನೋಡಲು ಬರಲಿಲ್ಲ.

ಸಿಟ್ಟೆಲ್ಲ ಹೊತ್ತುಕೊಂಡು ಬೆನ್ನಿಬಾಯಿಯ ಅಂಗಡಿಗೆ ಬಂದರೆ, ಅವರು ಕಪ್ಪು ಬಟ್ಟೆ ಮಡಚಿ ಡಬ್ಬಿಯೊಳಗೆ ತುರುಕುತ್ತಿದ್ದರು.

"ಆಟ ಮುಗಿಯಿತು," ಎಂದರು. "ನಾಯಿ ಯಾಕೆ ಸತ್ತಿತು ಅಂತ ಗೊತ್ತಾಯಿತಲ್ಲ."

"ಮುಗಿಯಿತಾ? ಬೇಲಿ ಅಲ್ಲೇ ಇದೆ!"

"ಅದು ಆಟದಲ್ಲಿ ಇಲ್ಲ ಮಾರಾಯ್ತಿ. ಗೊತ್ತಾಗುವವರೆಗೆ ಮಾತ್ರ ಆಟ. ಆಮೇಲಿನದು ನನಗೆ ಬೇಡ. ನನಗೆ ಅಂಗಡಿ ಇದೆ, ದೊಡ್ಡ ಮನೆಯವರ ಬಟ್ಟೆ ಇದೆ. ನಾನು ಒಬ್ಬಳು."

"ಹಾಗಾದರೆ ಇಷ್ಟು ದಿನ ಮಾಡಿದ್ದು ಏನು? ಗುಂಡಿಗಳಿಗೆ ಇರುವ ಧೈರ್ಯ ನಿಮಗೆ ಇಲ್ಲವಾ? ಗುಂಡಿಗಳನ್ನು ಬೇಲಿ ಹತ್ತಿರ ಕಳಿಸ್ತೀರಿ, ದೊಡ್ಡ ಮನೆಗೆ ಕಳಿಸ್ತೀರಿ. ನಿಮ್ಮ ಮೇಜಿನ ಮೇಲೆ ಎಲ್ಲ ಮಕ್ಕಳೂ ಕ್ಷೇಮ! ನನ್ನ ಮಗಳು ಗುಂಡಿ ಅಲ್ಲ. ಇನ್ನು ಐವತ್ತು ವರ್ಷ ಹೀಗೇ ಕೂತು ಚೆಲುವಿ ಎಲ್ಲಿಗೆ ಹೋದಳು ಅಂತ ದಾಳ ಉರುಳಿಸ್ತಾ ಇರಿ!"

ಚೆಲುವಿಯ ಹೆಸರು ಎತ್ತಬಾರದಿತ್ತೇನೋ. ಎತ್ತಿದೆ. ಅವರ ಮುಖ ಕೆಂಪಾಯಿತು. "ಹೊರಗೆ ಹೋಗು," ಎಂದರು. ಹೋದೆ.

ಆ ವಾರ ನವ್ಯಳನ್ನು ಶಾಲೆಯ ವ್ಯಾನಿಗೆ ಗದ್ದೆ ಸುತ್ತಿಕೊಂಡು ಕರೆದೊಯ್ದೆ. ಲೈನಿನ ಮಕ್ಕಳ ತಾಯಂದಿರಿಗೆಲ್ಲ ಹೇಳಿದೆ. ಕೆಲವರು ತಲೆಯಾಡಿಸಿದರು. ಒಬ್ಬಳು, "ನಮ್ಗೆ ಗೊತ್ತು ಬುಡಿ ರೈಟ್ರಮ್ಮ. ನಮ್ ಮಕ್ಳು ಬೇಲಿ ಮುಟ್ಟಾಕಿಲ್ಲ," ಎಂದಳು. ಇವರಿಗೂ ಗೊತ್ತಿತ್ತು. ನನ್ನನ್ನೂ ಬಸಮ್ಮನನ್ನೂ ಬಿಟ್ಟು ಲೈನಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬಸಮ್ಮನ ಎದುರಿಗೆ ಹಾವು ಹಾವು ಎಂದಿದ್ದರು.

ಶನಿವಾರ ಮಧ್ಯಾಹ್ನ ವ್ಯಾನಿಗೆ ಕಾಯುತ್ತ ಅಂಗಡಿಯಿಂದ ದೂರ, ಹುಣಸೆ ಮರದ ಕೆಳಗೆ ನಿಂತಿದ್ದೆ. ಶಾಂತಮಲ್ಲಪ್ಪನವರ ಕಾರು ಬಂದು ನಿಂತಿತು. ಅವರೂ ಸರೋಜಮ್ಮನವರೂ ಇಳಿದರು, ಬ್ಲೌಸು ತೆಗೆದುಕೊಂಡು ಹೋಗಲು. ಬೆನ್ನಿಬಾಯಿ ಬಾಗಿಲಿಗೆ ಬಂದು, ನನ್ನನ್ನು ನೋಡಿ, "ಏಯ್, ರೈಟ್ರಮ್ಮ, ಇಲ್ಲಿ ಬಾ," ಎಂದು ಬಸ್ಸು ನಿಲ್ಲಿಸುವವರ ಹಾಗೆ ಕೂಗಿದರು. ಹೋಗಿ ಒಳಗೆ ನಿಂತೆ.

ಸರೋಜಮ್ಮ ಬ್ಲೌಸುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಮದುಮಗಳ ಬ್ಲೌಸು ಬಿಡಿಸಿದವರು ಅದನ್ನು ಎತ್ತಿ ಹಿಡಿದು, "ಇದೇನ್ರೀ, ಒಂದೇ ತೋಳು!" ಎಂದರು.

ಇನ್ನೊಂದನ್ನು ಬಿಡಿಸಿದರು. ಅವರದೇ ಬ್ಲೌಸು. ಅದಕ್ಕೂ ಒಂದೇ ತೋಳು. ಎಲ್ಲಕ್ಕೂ ಒಂದೇ ತೋಳು. ಉಳಿದ ತೋಳುಗಳು ಕತ್ತರಿಸಿ, ಜರಿಯ ಅಂಚು ಕೂರಿಸಿ, ಇಸ್ತ್ರಿಯಾಗಿ ಕಪಾಟಿನಲ್ಲಿ ಸಾಲಾಗಿ ಮಲಗಿದ್ದವು.

"ಇನ್ನೂ ಹಾಕಿಲ್ಲ," ಎಂದರು ಬೆನ್ನಿಬಾಯಿ.

"ಮದ್ವೆ ಬುಧವಾರ! ಯಾವಾಗ ಹಾಕ್ತೀರಿ?"

"ಸಾಹುಕಾರರನ್ನು ಒಂದು ಮಾತು ಕೇಳಬೇಕು. ಬಸಮ್ಮನ ನಾಯಿ ಹೇಗೆ ಸತ್ತಿತು?"

ಶಾಂತಮಲ್ಲಪ್ಪನವರು ನನ್ನ ಕಡೆ ಒಮ್ಮೆ ನೋಡಿ, ನಗು ತಂದುಕೊಂಡರು. "ಓಹೋ, ಇದಾ. ನಿಮಗ್ಯಾಕೆ ಬಾಯಿ ಇವೆಲ್ಲ? ಹೊಲ್ಗೆ ಮಾಡ್ಕಂಡು ತಣ್ಣಗೆ ಇದ್ದೋರು. ಬೇಗ ತೋಳ್ ಹಾಕಿ, ಬಾಗ್ಲು ಹಾಕ್ಕಂಡು ಮನೆಗ್ ಹೋಗಿ."

ಬೆನ್ನಿಬಾಯಿ ಸೂಜಿ ಚುಚ್ಚುವ ದಿಂಬನ್ನು ಗಟ್ಟಿಯಾಗಿ ಹಿಡಿದಿದ್ದರು, ಯಾವುದೋ ಸೂಜಿ ಅಂಗೈಗೆ ಹೋಗಿತ್ತೇನೋ, ಗಮನ ಇರಲಿಲ್ಲ.

"ಅದು ಮೊದಲನೇ ಉತ್ತರ," ಎಂದರು. "ಅದು ನನಗೆ ಚಿಕ್ಕಂದಿನಿಂದ ಗೊತ್ತು. ನಾನು ಎರಡನೇ ಸಲ ಕೇಳ್ತಾ ಇದ್ದೇನೆ. ನಾಯಿ ಹೇಗೆ ಸತ್ತಿತು?"

"ಏನ್ ಹುಚ್ಚು ಹಿಡೀತಾ ನಿಮಗೆ?"

"ಬೇಲಿಗೆ ಕೊಟ್ಟ ತಂತಿ ಬಿಚ್ಚಿ, ಸುರುಳಿ ಸುತ್ತಿ, ಇಲ್ಲಿ ತಂದು ನನ್ನ ಮೇಜಿನ ಮೇಲೆ ಇಡಿ. ಪಂಪಿನ ಪೆಟ್ಟಿಗೆಯಿಂದ ಬೇಲಿವರೆಗೆ ಪೂರ್ತಿ. ಅದು ಬಂದ ಮೇಲೆ ತೋಳು ಹಾಕ್ತೇನೆ. ಅಲ್ಲಿಯವರೆಗೆ ನಿಮ್ಮ ಮಗಳು ಒಂದು ಕೈ ಸೆರಗೊಳಗೆ ಇಟ್ಟುಕೊಂಡು ಹಸೆಮಣೆ ಮೇಲೆ ಕೂರಲಿ."

"ಸಕಲೇಶಪುರದಲ್ಲಿ ಇನ್ಯಾರೂ ಟೈಲರ್ ಇಲ್ವಾ? ಕೊಡ್ರೀ ಇಲ್ಲಿ!" ಎಂದು ಅವರು ಗುಡುಗಿದರು.

"ತಗೊಂಡು ಹೋಗಿ. ಕಂಕುಳು ನಾನು ಕತ್ತರಿಸಿದ್ದು. ಇನ್ನೊಬ್ಬರು ತೋಳು ಕೂರಿಸಿದರೆ ಮಗಳು ಕೈ ಎತ್ತಿ ಹಾರ ಹಾಕುವಾಗ ಚರ್ ಅನ್ನುತ್ತೆ. ನಿಮ್ಮ ಬೀಗರ ಎದುರಿಗೆ."

ಬ್ಲೌಸು ಹಿಡಿದುಕೊಂಡೇ ನಿಂತಿದ್ದ ಸರೋಜಮ್ಮ ಗಂಡನ ಕಡೆ ತಿರುಗಿದರು. "ಏನ್ ತಂತಿ? ಏನ್ ಹೇಳ್ತಾವ್ರೆ ಇವ್ರು? ಅದು ಸೋಲಾರ್ ಅಂದಿದ್ರಿ. ಮೊನ್ನೆ ತಂಗಿ ಮಕ್ಳೆಲ್ಲಾ ಬೇಲಿ ಪಕ್ದಲ್ಲೇ ಆಡ್ತಿದ್ವಲ್ರೀ!"

ಶಾಂತಮಲ್ಲಪ್ಪನವರು ಜೇಬಿನಲ್ಲಿ ಕಾರಿನ ಕೀಲಿ ಹುಡುಕತೊಡಗಿದರು. ಅದೇ ಉತ್ತರವಾಯಿತು. ಸರೋಜಮ್ಮ ಒಂದೇ ತೋಳಿನ ಬ್ಲೌಸನ್ನು ಮೇಜಿನ ಮೇಲೆ ಬಿಸಾಕಿ ಕಾರಿಗೆ ಹೋಗಿ ಕೂತರು.

ಸಂಜೆಗೆ ತಂತಿ ಬಂತು. ತಂದವನು ನನ್ನ ಗಂಡ. ಹೆಗಲ ಮೇಲೆ ದೊಡ್ಡ ಸುರುಳಿ ಹೊತ್ತುಕೊಂಡು, ಬೆವರಿಳಿಯುತ್ತ ಅಂಗಡಿಗೆ ಬಂದವನು ನನ್ನ ಮುಖ ನೋಡದೆ ಅದನ್ನು ಮೇಜಿನ ಮೇಲಿಟ್ಟ. ಬೆನ್ನಿಬಾಯಿ ಮಷೀನಿಗೆ ದಾರ ಪೋಣಿಸಿದರು. ಲೋಹಿತ್ ಹೋಗಬೇಕಾಗಿತ್ತು, ಹೋಗಲಿಲ್ಲ. ನವ್ಯ ಸ್ಟೂಲಿನ ಮೇಲಿಂದ, "ಅಪ್ಪ, ಇದು ಕರಿಯನ್ನ ಸಾಯಿಸಿದ್ದಾ?" ಎಂದಳು. ಮನೆಗೆ ನಡಿ ಎನ್ನಲು ಅವನು ಬಾಯಿ ತೆರೆದದ್ದನ್ನು ನಾನು ನೋಡಿದೆ. ಮುಚ್ಚಿಕೊಂಡ. "ಹೂಂ," ಎಂದ. "ಇದೇ."

ಮದುವೆ ಆಯಿತು. ಎರಡೂ ತೋಳಿನ ಮದುಮಗಳ ಫೋಟೋ ಎಲ್ಲರ ಫೋನಿನಲ್ಲಿ ಓಡಾಡಿತು. ಬೆನ್ನಿಬಾಯಿಗೆ ಊಟಕ್ಕೆ ಕರೆಯಿರಲಿಲ್ಲ. ದೊಡ್ಡ ಮನೆಯ ಬಟ್ಟೆ ಆಮೇಲೆ ಅವರ ಅಂಗಡಿಗೆ ಬರಲಿಲ್ಲ, ದೊಡ್ಡ ಮನೆಯವರನ್ನು ನೋಡಿ ಇನ್ನೂ ಕೆಲವರದು ನಿಂತಿತು. ಲೋಹಿತ್‌ನ ಕೆಲಸ ಉಳಿದಿದೆ, ಎಷ್ಟು ದಿನಕ್ಕೋ ತಿಳಿಯದು. ನನ್ನ ಸಿಟ್ಟೂ ಉಳಿದಿದೆ. ಆಲೂರಿನ ಕಡೆ, ಕೆ. ಹೊಸಕೋಟೆಯ ಕಡೆ ಬಸ್ಸಿನಲ್ಲಿ ಹೋಗುವಾಗ ಬೇಲಿ ಕಂಡರೆ ಹತ್ತಿರದಲ್ಲಿ ಪಂಪಿನ ಮನೆ ಇದೆಯೇ ಎಂದು ಕಣ್ಣು ತಾನಾಗಿ ಹುಡುಕುತ್ತದೆ.

ತಂತಿಯ ಸುರುಳಿ ಮಾತ್ರ ಬೆನ್ನಿಬಾಯಿ ವಾಪಸು ಕೊಟ್ಟಿಲ್ಲ. ಮಷೀನಿನ ಮೇಲಿನ ಗೋಡೆಗೆ, ಶಿಲುಬೆಯ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ಭೂತಯ್ಯ ಕೇಳಲು ಬಂದಿದ್ದ.

"ತಂತಿ ಕೊಡ್ಬೇಕಂತೆ ಬಾಯಿ. ಸಾವ್ಕಾರ್ರು ಹೇಳವ್ರೆ."

"ಕೊಡ್ತೇನೆ. ನಿಮ್ಮ ಸಾಹುಕಾರರು ಲೈನಿಗೆ ಹೋಗಿ ಬಸಮ್ಮನಿಗೆ ಅವಳ ನಾಯಿ ಹೇಗೆ ಸತ್ತಿತು ಅಂತ ಅವರ ಬಾಯಲ್ಲೇ ಹೇಳಿ ಬರಲಿ. ಆಮೇಲೆ ತಗೊಂಡು ಹೋಗು."

ಭೂತಯ್ಯ ಮತ್ತೆ ಬಂದಿಲ್ಲ. ಬಸಮ್ಮ ದಿನಾ ಸಂಜೆ ಕೆಲಸ ಮುಗಿಸಿ ಬರುವಾಗ ಅಂಗಡಿಯೊಳಗೆ ಬಗ್ಗಿ ನೋಡುತ್ತಾಳೆ. "ಇನ್ನೂ ಐತಾ ಬಾಯಿ?"

"ಇದೆ," ಎನ್ನುತ್ತಾರೆ ಬೆನ್ನಿಬಾಯಿ, ದಾಳ ಉರುಳಿಸುತ್ತ. ಕಪ್ಪು ಬಟ್ಟೆಯ ಮೇಲೆ ಈಗ ಬೇರೆ ಎಸ್ಟೇಟು, ಬೇರೆ ಲೈನು, ಬೀಗ ಹಾಕಿದ ಒಂದು ಮನೆ. "ಬಂದು ಕೂತ್ಕೋ. ಬಾಯಿ ಮುಚ್ಚಿಕೊಂಡು."